ವೈದ್ಯರ ಯಂತ್ರ ಮನೆಗೆ ಬಂದಾಗ

ನಮ್ಮ ಹಿರಿಯರ ಮನೆಗಳಲ್ಲಿ ಔಷಧದ ಭಂಡಾರವೆಂದರೆ ಶುಂಠಿ, ಮೆಣಸು, ಅಜವಾನ, ಒಂದು ತುಂಡು ಬಜೆ, ಅದನ್ನು ತೇಯಲು ಒಂದು ಸಾಣೆಕಲ್ಲು, ಇಷ್ಟೇ. ಇಂದು ಗೋಡೆಯ ಅದೇ ಗೂಡಿನಲ್ಲಿ ರಕ್ತದೊತ್ತಡ ನೋಡುವ ಯಂತ್ರವಿದೆ, ಸಕ್ಕರೆ ಅಳೆಯುವ ಯಂತ್ರವಿದೆ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವಿದೆ, ಜ್ವರ ನೋಡುವ ಕಡ್ಡಿಯಿದೆ. ಮನೆಯಲ್ಲಿ ಮಧುಮೇಹಿಗಳಿದ್ದರೆ ಇನ್ಸುಲಿನ್ ಸೂಜಿ, ಉಬ್ಬಸದವರಿದ್ದರೆ ಇನ್‌ಹೇಲರ್. ಒಂದು ಕಾಲಕ್ಕೆ ಆಸ್ಪತ್ರೆಯ ಮೇಜಿನ ಮೇಲಷ್ಟೇ ಕಾಣುತ್ತಿದ್ದ ಸಾಮಗ್ರಿಗಳೆಲ್ಲ ಯಾದಗಿರಿ, ಶಹಾಪುರ, ಸುರಪುರಗಳ ಸಾಮಾನ್ಯ ಮನೆಗಳನ್ನೂ ಹೊಕ್ಕಿವೆ. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಯಂತ್ರವು ವೈದ್ಯರ ಕೈಯಿಂದ ನಮ್ಮ ಕೈಗೆ ಬಂದಿತೇ ಹೊರತು, ಅದರ ಜೊತೆಗೆ ವೈದ್ಯರ ವಿದ್ಯೆ ಬರಲಿಲ್ಲ. ಹಲವು ವರ್ಷ ಓದಿ ಪಳಗಿದ ಕೈ ಹಿಡಿಯುತ್ತಿದ್ದ ವಸ್ತುವನ್ನು ಈಗ ಕನ್ನಡಕ ಮರೆತ ಅಜ್ಜಿಯೂ, ಶಾಲೆಗೆ ಹೊರಟ ಮೊಮ್ಮಗಳೂ ಹಿಡಿಯುತ್ತಾರೆ. ಹೀಗಿರಲಾಗಿ, ಒಂದು ಉಪಕರಣವು ಕರಾರುವಾಕ್ಕಾಗಿ ಅಳೆಯುತ್ತದೆಯೇ ಎಂದು ಕೇಳಿದರೆ ಸಾಲದು. ಅದನ್ನು ಹಿಡಿದವರಿಗೆ ಅದರ ಮಾತು ತಿಳಿಯುತ್ತದೆಯೇ ಎಂದೂ ಕೇಳಬೇಕು. ಈ ಗುಣಕ್ಕೆ ಇಂದಿನ ಶಾಸ್ತ್ರಜ್ಞರು ಕೊಟ್ಟಿರುವ ಹೆಸರನ್ನು ಕನ್ನಡದಲ್ಲಿ ‘ಬಳಕೆಯೋಗ್ಯತೆ’ ಎನ್ನಬಹುದು. ಮನೆಮಾತಿನಲ್ಲಿ ಹೇಳುವುದಾದರೆ, ವಸ್ತು ಕೈಗೆ ಒಗ್ಗುವ ಗುಣ. ಕುಡುಗೋಲು, ಬೀಸುವ ಕಲ್ಲು, ನೇಗಿಲ ಮೇಣಿ, ಇವೆಲ್ಲ ತಲೆತಲಾಂತರದ ಬಳಕೆಯಿಂದ ಕೈಗೆ ಒಗ್ಗಿದ ವಸ್ತುಗಳು. ನಿನ್ನೆ ಮೊನ್ನೆ ಬಂದ ಯಂತ್ರಕ್ಕೆ ಆ ಕಾಲಾವಕಾಶವಿಲ್ಲ. ಆದುದರಿಂದ ಅದನ್ನು ಬೇಕೆಂದೇ ಪರೀಕ್ಷಿಸಿ ನೋಡಬೇಕಾಗುತ್ತದೆ.

ಎರಡು ಟೊಪ್ಪಿಗೆಯ ಸೂಜಿ

ಶಹಾಪುರದಲ್ಲಿ ನಮ್ಮ ನೆರೆಯಲ್ಲಿ ಒಬ್ಬ ವೃದ್ಧೆಯಿದ್ದಾರೆ. ಹಲವು ವರ್ಷಗಳ ಮಧುಮೇಹ. ಬೆಳಿಗ್ಗೆ ಊಟಕ್ಕೆ ಮೊದಲು ಇಪ್ಪತ್ತು ಯೂನಿಟ್ ಇನ್ಸುಲಿನ್ ಅವರಿಗೆ ನಿಗದಿ. ತಾವೇ ಸೂಜಿ ಹಿಡಿದು ಹೊಟ್ಟೆಯ ಬದಿಗೆ ಚುಚ್ಚಿಕೊಳ್ಳುವಷ್ಟು ಧೈರ್ಯವಂತೆ. ಎರಡು ವರ್ಷದ ಕೆಳಗೆ ಅವರ ಸಕ್ಕರೆ ಇದ್ದಕ್ಕಿದ್ದಂತೆ ಏರತೊಡಗಿತು. ಮನೆಯವರು ಮೊದಲು ಅನ್ನವನ್ನು ಬೈದರು, ಆಮೇಲೆ ಮಾವಿನಹಣ್ಣನ್ನು, ಕಡೆಗೆ ಅವರ ನಾಲಗೆಯ ಚಾಪಲ್ಯವನ್ನೇ. ಆಕೆ ಕದ್ದು ಹೋಳಿಗೆ ತಿನ್ನುತ್ತಾರೆಂಬ ಅಪವಾದವೂ ಬಂತು. ಆಕೆ ನನ್ನೆದುರು ಕಣ್ಣೀರು ತಂದುಕೊಂಡು, “ಡಾಕ್ಟರ್ ಇಪ್ಪತ್ತು ಅಂದಾರ, ನಾ ಇಪ್ಪತ್ತರ ಗೆರಿ ತನಾನೇ ಎಳೀತೀನಿ. ಇದ್ರಾಗ ನಂದೇನು ತಪ್ಪದನೋ ತಮ್ಮಾ?” ಎಂದರು.

ಅವರದೇನೂ ತಪ್ಪಿರಲಿಲ್ಲ. ಮನೆಗೆ ಬಂದ ಒಬ್ಬ ಶುಶ್ರೂಷಕಿ ಸೂಜಿಯ ಟೊಪ್ಪಿಗೆಯನ್ನು ನೋಡಿ ಗುಟ್ಟನ್ನು ಬಯಲುಮಾಡಿದಳು. ಅಂಗಡಿಯಲ್ಲಿ ಕೆಂಪು ಟೊಪ್ಪಿಗೆಯ ಸೂಜಿ ಮುಗಿದಿತ್ತು. ಬದಲಿಗೆ ಕಿತ್ತಳೆ ಬಣ್ಣದ ಟೊಪ್ಪಿಗೆಯದನ್ನು ಕೊಟ್ಟಿದ್ದರು.

ಓದುಗರು ಈ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್. ಲೇಖನಿಯಾಕಾರದ ಸಾಧನದಲ್ಲಿ ಬರುವುದು ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್. ಮೊದಲನೆಯದಕ್ಕೆ ಯು-40 ಎಂದೂ ಎರಡನೆಯದಕ್ಕೆ ಯು-100 ಎಂದೂ ಹೆಸರು. ಸೂಜಿಗಳೂ ಎರಡು ಬಗೆ: ಕೆಂಪು ಟೊಪ್ಪಿಗೆಯದು 40ಕ್ಕೆ, ಕಿತ್ತಳೆ ಟೊಪ್ಪಿಗೆಯದು 100ಕ್ಕೆ. ಕಿತ್ತಳೆ ಸೂಜಿಯಲ್ಲಿ ‘20’ ಎಂದು ಬರೆದ ಗೆರೆಯವರೆಗೆ ಹಿಡಿಯುವ ದ್ರವ ಮಿಲಿಲೀಟರಿನ ಐದನೆಯ ಒಂದು ಭಾಗ. ಆ ಸೂಜಿಗೆ 40ರ ಸೀಸೆಯಿಂದ ಮದ್ದನ್ನು ಎಳೆದರೆ ದೇಹಕ್ಕೆ ಸೇರುವುದು ಬರಿಯ 8 ಯೂನಿಟ್. ವೃದ್ಧೆ ಇಪ್ಪತ್ತೆಂದು ನಂಬಿ ಎಂಟನ್ನು ಚುಚ್ಚಿಕೊಳ್ಳುತ್ತಿದ್ದರು.

ಅಪಾಯ ಇಲ್ಲಿಗೆ ಮುಗಿಯುವುದಿಲ್ಲ. ಸಕ್ಕರೆ ಇಳಿಯದಿರುವುದನ್ನು ಕಂಡ ವೈದ್ಯರು ಇಪ್ಪತ್ತನ್ನು ಮೂವತ್ತಕ್ಕೆ ಏರಿಸುತ್ತಾರೆನ್ನೋಣ. ಕಿತ್ತಳೆ ಸೂಜಿಯಲ್ಲಿ ಅದು 12 ಯೂನಿಟ್ ಆಗುತ್ತದೆ. ಮರುವಾರ ಅಂಗಡಿಗೆ ಕೆಂಪು ಸೂಜಿ ಬರುತ್ತದೆ. ಆಗ ಅದೇ ಕೈ, ಅದೇ ಗೆರೆ, ಅದೇ ನಂಬಿಕೆಯಿಂದ ನಿಜವಾದ ಮೂವತ್ತನ್ನು ಒಮ್ಮೆಗೇ ಚುಚ್ಚುತ್ತದೆ. ಸಕ್ಕರೆ ಪಾತಾಳಕ್ಕೆ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು, ರಾತ್ರಿಯಾದರೆ ಯಾರಿಗೂ ತಿಳಿಯದೆ ಪ್ರಾಣವೇ ಹೋಗುವುದು, ಎಲ್ಲವೂ ಸಾಧ್ಯ. ತಿರುಗಾಮುರುಗಾ ಮಾಡಿದರೆ ಇನ್ನೂ ಘೋರ: 100ರ ಮದ್ದನ್ನು ಕೆಂಪು ಸೂಜಿಯಲ್ಲಿ ‘20’ರವರೆಗೆ ಎಳೆದರೆ ಅದು 50 ಯೂನಿಟ್! ಈ ಇಡೀ ನಾಟಕದಲ್ಲಿ ಕೆಟ್ಟ ಮದ್ದಿಲ್ಲ, ಕೆಟ್ಟ ಸೂಜಿಯಿಲ್ಲ, ಅಜಾಗರೂಕ ರೋಗಿಯಿಲ್ಲ. ಎರಡು ಒಳ್ಳೆಯ ವಸ್ತುಗಳು ಒಂದೇ ಮಾತಿನಲ್ಲಿ ಎರಡು ಅರ್ಥ ಹೇಳಿದವು, ಅಷ್ಟೇ.

ಹಾಲಿ ಸಿಕ್ಕಾದ ನೆನಪು

ನಮ್ಮ ಭಾಗದ ಹಿರಿಯರಿಗೆ ಇದು ಹೊಸ ತೊಡಕೇನಲ್ಲ. ಯಾದಗಿರಿಯ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದ ನಾಣ್ಯ ‘ಹಾಲಿ ಸಿಕ್ಕಾ’. ಸಂಸ್ಥಾನದ ಗಡಿ ದಾಟಿದರೆ ‘ಕಲ್ದಾರ್’ ರೂಪಾಯಿ. ಎರಡಕ್ಕೂ ರೂಪಾಯಿ ಎಂದೇ ಹೆಸರು. ಬೆಲೆ ಮಾತ್ರ ಬೇರೆ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೂ ಕೆಲವು ವರ್ಷ ಎರಡೂ ಜೊತೆಜೊತೆಗೆ ನಡೆದವು. ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬುದು ಲೆಕ್ಕ. ಸಂತೆಯಲ್ಲಿ ಬೆಲೆ ಕೇಳಿದವರು ‘ಹಾಲಿಯೋ ಕಲ್ದಾರೋ?’ ಎಂದು ಮತ್ತೊಮ್ಮೆ ಕೇಳದಿದ್ದರೆ ಮೋಸಹೋದಂತೆಯೇ. 1959ರಲ್ಲಿ ಹಾಲಿ ಸಿಕ್ಕಾದ ಚಲಾವಣೆ ನಿಂತಿತು. ಅಂದಿನಿಂದ ‘ರೂಪಾಯಿ’ ಎಂದರೆ ಒಂದೇ ಅರ್ಥ. ಗೊಂದಲ ನಿವಾರಣೆಯಾದದ್ದು ಜನರಿಗೆ ‘ಎಚ್ಚರವಾಗಿರಿ’ ಎಂದು ಬುದ್ಧಿ ಹೇಳಿದ್ದರಿಂದಲ್ಲ. ಎರಡು ನಾಣ್ಯಗಳನ್ನು ಒಂದು ಮಾಡಿದ್ದರಿಂದ.

ಇನ್ಸುಲಿನ್ನಿನ ವಿಷಯದಲ್ಲಿ ಅಮೆರಿಕ ಮೊದಲಾದ ದೇಶಗಳು 1970ರ ದಶಕದಲ್ಲೇ ಹೀಗೆ ಮಾಡಿ, 100ರ ಸಾಂದ್ರತೆಯೊಂದನ್ನೇ ಸಾಮಾನ್ಯ ಬಳಕೆಗೆ ತಂದವು. ನಮ್ಮಲ್ಲಿ ಎರಡು ನಾಣ್ಯಗಳೂ ಇನ್ನೂ ಸಂತೆಯಲ್ಲಿವೆ. ಆದುದರಿಂದ ನಾವು ಹಿರಿಯರಂತೆ ಮತ್ತೊಮ್ಮೆ ಕೇಳುವುದನ್ನು ಕಲಿಯಬೇಕು: ‘ನಲವತ್ತೋ, ನೂರೋ?’

ತಲೆಕೆಳಗಾದ ಅಂಕಿ

2020-21ರ ಕೊರೋನಾ ದಿನಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕಕ್ಕೆ ಬಂದ ಬೇಡಿಕೆ ಎಲ್ಲರಿಗೂ ನೆನಪಿರಬಹುದು. ಈ ಪುಟ್ಟ ಯಂತ್ರದ ಹಿಂದಿನ ತತ್ತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ತಕುವೊ ಅಯೋಯಾಗಿ ಎಂಬ ಎಂಜಿನಿಯರು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ಎರಡರಲ್ಲಿ ಎಷ್ಟೆಷ್ಟು ರಕ್ತದಲ್ಲಿ ಇಂಗಿತೆಂಬುದರಿಂದ ಆಮ್ಲಜನಕದ ಪ್ರಮಾಣವನ್ನು ಲೆಕ್ಕಹಾಕುವುದು ಅದರ ರೀತಿ. ರಕ್ತ ತೆಗೆಯದೆ, ನೋವು ಮಾಡದೆ ಪ್ರಾಣವಾಯುವನ್ನು ಅಳೆಯುವ ಈ ಉಪಾಯ ಎಷ್ಟೋ ಜೀವಗಳನ್ನು ಉಳಿಸಿದೆ.

ಆದರೆ ಅದರ ಮುಖವನ್ನೊಮ್ಮೆ ನೋಡಿ. ಅಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಆಮ್ಲಜನಕದ್ದು, ಇನ್ನೊಂದು ನಾಡಿಬಡಿತದ್ದು. ಯಾವುದು ಯಾವುದೆಂಬುದನ್ನು ಇರುವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ನಾಡಿ 96 ಇದ್ದು ಆಮ್ಲಜನಕ 84 ಇದ್ದಾಗ, 96ನ್ನು ನೋಡಿ ಮನೆಮಂದಿ ನೆಮ್ಮದಿಯಿಂದ ಮಲಗಿದರೆ ಆಶ್ಚರ್ಯವೇನು? ಇನ್ನೊಂದು ವಿಚಿತ್ರವನ್ನು ಕೇಳಿ. ಯಂತ್ರವನ್ನು ರೋಗಿಯ ಬೆರಳಿಗೆ ಹಾಕಿ ನಾವು ಎದುರಿನಿಂದ ನೋಡಿದರೆ ಅಂಕಿಗಳು ತಲೆಕೆಳಗಾಗಿ ಕಾಣುತ್ತವೆ. 86 ಎಂಬುದನ್ನು ಕಾಗದದ ಮೇಲೆ ಬರೆದು ಕಾಗದವನ್ನು ತಿರುಗಿಸಿ ನೋಡಿ. ಅದು 98 ಆಗುತ್ತದೆ! ಕೂಡಲೆ ಆಸ್ಪತ್ರೆಗೆ ಒಯ್ಯಬೇಕಾದ ರೋಗಿ ಆರೋಗ್ಯವಂತನಾಗಿ ಕಾಣುತ್ತಾನೆ. ಅಂಕಿಯ ಕೆಳಗೊಂದು ಗೆರೆ ಎಳೆದಿದ್ದರೆ, ಅಥವಾ ಆಮ್ಲಜನಕದ ಪಕ್ಕದಲ್ಲಿ ಶೇಕಡಾ ಚಿಹ್ನೆಯನ್ನು ದೊಡ್ಡದಾಗಿ ತೋರಿಸಿದ್ದರೆ ಈ ಭ್ರಾಂತಿಗೆ ಎಡೆಯೇ ಇರುತ್ತಿರಲಿಲ್ಲ. ಕೆಲವು ಯಂತ್ರಗಳು ತಿರುಗಿಸಿದಂತೆ ಅಂಕಿಯೂ ನೆಟ್ಟಗಾಗುವಂತೆ ರಚಿತವಾಗಿವೆ. ಕೊಳ್ಳುವವರು ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು.

ಮೈಬಣ್ಣದ ಪ್ರಶ್ನೆಯೂ ಇದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಬೆರಳಿನ ಯಂತ್ರ 92ರಿಂದ 96ರವರೆಗೆ ತೋರಿಸುತ್ತಿದ್ದಾಗ ಅಪಧಮನಿಯ ರಕ್ತವನ್ನು ತೆಗೆದು ನೋಡಿದರೆ, ಬಿಳಿಯರಲ್ಲಿ ಶೇಕಡಾ 3.6 ಸಲವೂ ಕಪ್ಪುವರ್ಣದವರಲ್ಲಿ ಶೇಕಡಾ 11.7 ಸಲವೂ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿತ್ತು. ಬೆಳಕನ್ನು ನಂಬಿ ನಡೆಯುವ ಯಂತ್ರಕ್ಕೆ ಚರ್ಮದ ಬಣ್ಣವೂ ಒಂದು ಪರದೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ಕೈಗಳೇ ಹೆಚ್ಚಾಗಿರುವ ನಮ್ಮ ನಾಡಿಗೆ ಇದು ದೂರದ ಸುದ್ದಿಯಲ್ಲ. ಉಗುರುಬಣ್ಣ, ಕಪ್ಪು ಗೋರಂಟಿ, ತಣ್ಣಗಾದ ಬೆರಳು, ಇವೂ ಅಳತೆಯನ್ನು ಕೆಡಿಸಬಲ್ಲವು. ಉಸಿರಾಟ ಏದುತ್ತಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ ಯಂತ್ರ ಏನೇ ಹೇಳಲಿ, ರೋಗಿಯನ್ನೇ ನಂಬಬೇಕು.

ಬೇಸಿಗೆಯೂ ತೋಳಪಟ್ಟಿಯೂ

ಯಾದಗಿರಿಯ ಬೇಸಿಗೆಯ ಪ್ರತಾಪವನ್ನು ಬಲ್ಲವರೇ ಬಲ್ಲರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಇಲ್ಲಿ ವಾಡಿಕೆ. ಪಾದರಸದ ಜ್ವರಕಡ್ಡಿಯ ಗುರುತುಗಳು ಸಾಮಾನ್ಯವಾಗಿ 42 ಡಿಗ್ರಿಗೆ ಮುಗಿಯುತ್ತವೆ. ಆ ಕಡ್ಡಿ ಏರಿದ ಪಾದರಸವನ್ನು ತಾನಾಗಿ ಇಳಿಸುವುದಿಲ್ಲ, ಕೊಡವಿ ಇಳಿಸಬೇಕು. ಕೋಣೆಯ ಗಾಳಿಯೇ 41 ಡಿಗ್ರಿ ಇದ್ದರೆ ಎಷ್ಟು ಕೊಡವಿದರೂ ಅದು 41ರಿಂದ ಕೆಳಗಿಳಿಯದು. ಅದನ್ನು ಹಾಗೆಯೇ ಮಗುವಿನ ಕಂಕುಳಲ್ಲಿ ಇಟ್ಟರೆ, ಜ್ವರವಿಲ್ಲದ ಮಗುವಿಗೂ ಭಾರಿ ಜ್ವರ! ಕಡ್ಡಿಯನ್ನು ಮಡಕೆಯ ತಣ್ಣೀರಿನಲ್ಲಿ ಅದ್ದಿ, ಕೊಡವಿ, ಒರೆಸಿ, ಕೂಡಲೆ ಬಳಸಬೇಕೆಂಬುದು ತಂಪು ದೇಶದಲ್ಲಿ ಹುಟ್ಟಿದ ಆ ಉಪಕರಣಕ್ಕೆ ಹೊಳೆಯುವ ಮಾತಲ್ಲ. ಸಕ್ಕರೆ ಪರೀಕ್ಷೆಯ ಪಟ್ಟಿಗಳ ಡಬ್ಬಿಯ ಮೇಲೂ ಸಾಮಾನ್ಯವಾಗಿ 30 ಡಿಗ್ರಿ ಮೀರದ ಜಾಗದಲ್ಲಿಡಿ ಎಂದು ಬರೆದಿರುತ್ತದೆ. ಹಂಚಿನ ಮನೆಯಲ್ಲೋ ತಗಡಿನ ಮನೆಯಲ್ಲೋ ವಾಸಿಸುವವರು ಮೇ ತಿಂಗಳಿನಲ್ಲಿ ಅಂಥ ಜಾಗವನ್ನು ಎಲ್ಲಿಂದ ತರಬೇಕು? ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು ನಡುವೆ ಒದ್ದೆ ಮರಳು ತುಂಬುವ ಹಳೆಯ ಉಪಾಯವೇ ಇಲ್ಲಿ ಇನ್ಸುಲಿನ್ ಸೀಸೆಗೂ ಆಸರೆ.

ರಕ್ತದೊತ್ತಡದ ಯಂತ್ರದ ಮಾತಿಗೆ ಬರೋಣ. ಡಬ್ಬಿಯಲ್ಲಿ ಬರುವ ತೋಳಪಟ್ಟಿ ಸಾಮಾನ್ಯವಾಗಿ ಒಂದೇ ಅಳತೆಯದು. ತೋಳುಗಳು ಮಾತ್ರ ಮನೆಯಲ್ಲಿ ನಾಲ್ಕು ಬಗೆಯವು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 195 ವಯಸ್ಕರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚಾಗಿ ಕಂಡಿತು. ಇಲ್ಲದ ರೋಗಕ್ಕೆ ಗುಳಿಗೆ ಆರಂಭವಾಗಲು ಇಷ್ಟು ಸಾಕು. ಸಣ್ಣ ಪಟ್ಟಿ ಬೇಕಾದ ತೋಳಿಗೆ ಅದೇ ಸಾಮಾನ್ಯ ಪಟ್ಟಿ ಕಟ್ಟಿದಾಗ 3.6ರಷ್ಟು ಕಡಿಮೆ ಕಂಡಿತು. ರವಿಕೆಯ ತೋಳನ್ನು ಬಿಗಿಯಾಗಿ ಮೇಲೆ ಸುತ್ತಿ ಪಟ್ಟಿ ಕಟ್ಟುವುದು, ಅಳೆಯುವಾಗ ಮಾತನಾಡುವುದು, ಕೈಯನ್ನು ತೂಗುಬಿಡುವುದು, ಇವೆಲ್ಲ ಅಂಕಿಯನ್ನು ಏರುಪೇರು ಮಾಡುತ್ತವೆ. ಐದು ನಿಮಿಷ ಸುಮ್ಮನೆ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿದ ಅಂಕಿಯೇ ನಂಬಲು ತಕ್ಕದ್ದು.

ತಪ್ಪು ಯಾರದು?

ಇಂಥ ಸಂದರ್ಭಗಳಲ್ಲಿ ‘ಹಳ್ಳಿಯ ಜನ, ತಿಳಿವಳಿಕೆಯಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಹೀಗೆನ್ನುವವರು ಎರಡನೆಯ ಮಹಾಯುದ್ಧದ ಒಂದು ಪ್ರಸಂಗವನ್ನು ಕೇಳಬೇಕು. ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ ನೆಲದ ಮೇಲೆಯೇ ಹೊಟ್ಟೆಯೂರುತ್ತಿದ್ದವು. ಚಾಲಕರು ರೆಕ್ಕೆಯ ಪಟ್ಟಿಗಳನ್ನು ಮಡಿಸುವ ಬದಲು ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಅವರೇನು ಅವಿದ್ಯಾವಂತರೇ? ಕಾರಣವನ್ನು ಶೋಧಿಸಿದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಕಂಡದ್ದಿಷ್ಟು: ಎರಡು ಕೆಲಸದ ಹಿಡಿಕೆಗಳೂ ಒಂದೇ ರೂಪದವು, ಪಕ್ಕಪಕ್ಕದಲ್ಲೇ ಇದ್ದವು. ಒಂದಕ್ಕೆ ಪುಟ್ಟ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಕೊಟ್ಟದ್ದೇ ತಡ, ಕತ್ತಲಲ್ಲೂ ಬೆರಳಿಗೆ ಭೇದ ತಿಳಿಯಿತು. ಪಳಗಿದ ವೈಮಾನಿಕನನ್ನೇ ಎಡವಿಸಿದ ಯಂತ್ರ ನಮ್ಮ ನೆರೆಯ ವೃದ್ಧೆಯನ್ನು ಎಡವಿಸಿದರೆ ಅಪರಾಧಿ ಯಾರು?

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಉದಾಹರಣೆಯೂ ಉಂಟು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲು ‘ಎಂಬ್ರೇಸ್’ ಎಂಬ ಚೀಲವೊಂದನ್ನು 2007ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಯೋಚಿಸಿದರು. ಮುಂದೆ ಬೆಂಗಳೂರಿಗೆ ಬಂದು ಅದನ್ನು ಬೆಳೆಸಿದರು. ಮೇಣದಂಥ ವಸ್ತುವಿನ ಪೊಟ್ಟಣ ಅದರೊಳಗೆ ಗಂಟೆಗಟ್ಟಲೆ 37 ಡಿಗ್ರಿಯ ಕಾವನ್ನು ಕೊಡುತ್ತದೆ. ಟಾಮ್ ಕೆಲ್ಲಿ ಮತ್ತು ಡೇವಿಡ್ ಕೆಲ್ಲಿ ಸೋದರರು 2013ರ ತಮ್ಮ ಪುಸ್ತಕದಲ್ಲಿ ಹೇಳುವಂತೆ, ನಮ್ಮ ದೇಶದ ಹಳ್ಳಿಯ ತಾಯಿಯೊಬ್ಬಳು ಈ ತಂಡಕ್ಕೆ ಒಂದು ಮಾತು ಹೇಳಿದಳಂತೆ: ಇಂಗ್ಲಿಷ್ ಮದ್ದು ಬಲು ಖಾರ, ಡಾಕ್ಟರು ಒಂದು ಚಮಚ ಎಂದರೆ ನಾವು ಅರ್ಧ ಚಮಚವೇ ಹಾಕುವುದು, ನೀವು 37 ಎಂದರೆ ನಾನು 30ಕ್ಕೇ ನಿಲ್ಲಿಸುತ್ತೇನೆ ಎಂದು. ಕೂಸಿನ ಮೇಲಿನ ಮಮತೆಯೇ ಕೂಸಿಗೆ ಮುಳುವಾಗುತ್ತಿತ್ತು! ತಂಡದವರು ಆ ತಾಯಿಯನ್ನು ಹಳಿಯಲಿಲ್ಲ. ಅಂಕಿಗಳನ್ನು ತೆಗೆದುಹಾಕಿ ‘ಸರಿ’, ‘ಸರಿಯಿಲ್ಲ’ ಎಂಬೆರಡೇ ಸೂಚನೆ ಕಾಣುವಂತೆ ಮಾಡಿದರು. ಒಬ್ಬಳು ತಾಯಿಯ ಮಾತು ಪ್ರಯೋಗಶಾಲೆಗೆ ಹೊಳೆಯದಿದ್ದುದನ್ನು ಹೊಳೆಯಿಸಿತು.

ಹೀಗೆ ಬಳಸುವವರನ್ನೇ ಕೂರಿಸಿ ನೋಡುವುದಕ್ಕೆ ಈಗ ಶಾಸ್ತ್ರೀಯ ಕ್ರಮವೇ ಇದೆ. ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ 2007ರಲ್ಲಿ ಇದಕ್ಕೊಂದು ಮಾನದಂಡವನ್ನು ಹೊರತಂದಿತು. ಮೊದಲು, ಯಾವ ಹೆಜ್ಜೆ ತಪ್ಪಿದರೆ ಜೀವಕ್ಕೆ ಅಪಾಯವೆಂದು ಗುರುತಿಸುತ್ತಾರೆ. ಬಳಿಕ ಬಳಸುವ ಜನರನ್ನೇ ಕರೆದು, ಉಪಕರಣವನ್ನೂ ಅದರ ಸೂಚನಾಪತ್ರವನ್ನೂ ಕೈಗೆ ಕೊಟ್ಟು, ಸಹಾಯ ಮಾಡದೆ, ತುಟಿ ಬಿಚ್ಚದೆ ನೋಡುತ್ತ ಕೂರುತ್ತಾರೆ. ಎಲ್ಲಿ ತಡವರಿಸಿದರು, ಎಲ್ಲಿ ತಪ್ಪಿದರು, ಎಲ್ಲಿ ತಪ್ಪಲಿದ್ದು ಕೂದಲೆಳೆಯಲ್ಲಿ ಪಾರಾದರು ಎಂಬುದನ್ನೆಲ್ಲ ಬರೆದುಕೊಳ್ಳುತ್ತಾರೆ. ಕಡೆಯಲ್ಲಿ, ಏಕೆ ಹಾಗೆ ಮಾಡಿದಿರೆಂದು ವಿನಯದಿಂದ ಕೇಳುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ತನ್ನ ಸೂಚನೆಯಲ್ಲಿ ಪ್ರತಿಯೊಂದು ಬಗೆಯ ಬಳಕೆದಾರರಿಂದ ಕನಿಷ್ಠ 15 ಮಂದಿಯಾದರೂ ಇರಲೆಂದಿದೆ. ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಉಪಕರಣ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ. ಉಪಕರಣಗಳಿಂದಾದ ಅನಾಹುತಗಳನ್ನು ದಾಖಲಿಸುವ ರಾಷ್ಟ್ರೀಯ ಯೋಜನೆಯೂ 2015ರಿಂದ ನಡೆಯುತ್ತಿದೆ. ಮನೆಯಲ್ಲಿ ಯಂತ್ರದಿಂದ ತೊಂದರೆಯಾದರೆ ಅದನ್ನು ವೈದ್ಯರ ಗಮನಕ್ಕೆ ತಂದು ದಾಖಲು ಮಾಡಿಸಬಹುದು.

ನಮ್ಮ ಮೂರು ಊರುಗಳಲ್ಲಿ

2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಹುಟ್ಟಿದ ಯಾದಗಿರಿ ಜಿಲ್ಲೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಹಿಂದುಳಿದ ಆದರೆ ಮುನ್ನಡೆಯಲು ಹವಣಿಸುವ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಈಗ ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಇಲ್ಲಿನ ಬೀದಿಗಳಲ್ಲಿ ಕನ್ನಡದೊಡನೆ ಉರ್ದು, ತೆಲುಗು ಕೇಳುತ್ತವೆ, ತಾಂಡಾಗಳಲ್ಲಿ ಲಂಬಾಣಿ. ಉಪಕರಣದ ಡಬ್ಬಿಯೊಳಗಿನ ಸೂಚನೆ ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದ ಹಾಳೆಗಳಿದ್ದರೂ ಅವುಗಳ ಕನ್ನಡವನ್ನು ಅರ್ಥಮಾಡಿಕೊಳ್ಳಲು ಕನ್ನಡ ಎಂ.ಎ. ಪದವಿಯೂ ಸಾಲದೆಂದು ಸ್ವಾನುಭವದಿಂದ ಹೇಳಬಲ್ಲೆ.

ಒಂದು ಸಲಹೆಯಿದೆ. ವೈದ್ಯಕೀಯ ವಿದ್ಯಾರ್ಥಿಗಳೂ ನಮ್ಮಂಥ ಕಾಲೇಜುಗಳ ಭಾಷಾ ವಿದ್ಯಾರ್ಥಿಗಳೂ ಕೂಡಿ, ಸುರಪುರದ ಒಂದು ಓಣಿಯ 15 ಮಂದಿ ಹಿರಿಯರ ಮುಂದೆ ಸೂಜಿ, ಸೀಸೆ, ಮಾಪಕಗಳನ್ನಿಟ್ಟು ನೋಡಲಿ. ಚುಚ್ಚುವುದು ಬೇಡ, ಸೀಸೆಯಲ್ಲಿ ನೀರಿದ್ದರೆ ಸಾಕು. ಅವರು ತಡವರಿಸಿದ ಕಡೆಗಳನ್ನು ಬರೆದು ತಂದು, ಅವರದೇ ಮಾತಿನಲ್ಲಿ, ದೊಡ್ಡ ಅಕ್ಷರದಲ್ಲಿ, ಚಿತ್ರಸಹಿತ ಒಂದು ಪುಟದ ಸೂಚನೆಯನ್ನು ರಚಿಸಲಿ. ಆಮೇಲೆ ಆ ಪುಟವನ್ನೂ ಇನ್ನು 15 ಮಂದಿಗೆ ಕೊಟ್ಟು ಪರೀಕ್ಷಿಸಲಿ. ಇದಕ್ಕೆ ಬೇಕಾದದ್ದು ಹಣಕ್ಕಿಂತ ತಾಳ್ಮೆ.

ಅಲ್ಲಿಯವರೆಗೆ ಮನೆಯ ಮಟ್ಟಿಗೆ ನಾವೇ ಮಾಡಬಹುದಾದದ್ದು ಇಷ್ಟು. ಇನ್ಸುಲಿನ್ ಸೀಸೆಯ ಮೇಲಿನ ಅಂಕಿಯೂ ಸೂಜಿಯ ಮೇಲಿನ ಅಂಕಿಯೂ ಒಂದೇ ಎಂದು ಅಂಗಡಿಯ ಕಟ್ಟೆಯ ಮೇಲೆಯೇ ಹೋಲಿಸಿ ನೋಡುವುದು. ಒಂದಲ್ಲವಾದರೆ ಬರಿಗೈಯಲ್ಲಿ ಬೇರೆ ಅಂಗಡಿಗೆ ಹೋಗುವುದು. ಆಮ್ಲಜನಕ ಮಾಪಕದಲ್ಲಿ ಆಮ್ಲಜನಕದ ಅಂಕಿಯ ಪಕ್ಕಕ್ಕೆ ಬಣ್ಣದ ಚುಕ್ಕೆಯೊಂದನ್ನು ಅಂಟಿಸುವುದು. ತೋಳಪಟ್ಟಿ ಕೊಳ್ಳುವ ಮೊದಲು ದರ್ಜಿಯ ಟೇಪಿನಿಂದ ತೋಳಿನ ಸುತ್ತಳತೆ ತೆಗೆದುಕೊಂಡು, ಪಟ್ಟಿಯ ಮೇಲೆ ಮುದ್ರಿಸಿದ ಅಳತೆಗೆ ಹೋಲಿಸುವುದು. ಹೊಸ ಯಂತ್ರ ಬಂದ ದಿನ ಮನೆಯ ಬುದ್ಧಿವಂತರು ಅದನ್ನು ಮಾಡಿ ತೋರಿಸುವುದಕ್ಕಿಂತ, ಅದನ್ನು ನಿಜವಾಗಿ ಬಳಸಲಿರುವ ಅಜ್ಜಿಯ ಕೈಗೆ ಕೊಟ್ಟು, ಐದು ನಿಮಿಷ ಬಾಯಿಮುಚ್ಚಿ ನೋಡುವುದು.

ನಮ್ಮ ನೆರೆಯ ವೃದ್ಧೆ ಈಗ ಔಷಧದ ಚೀಟಿಯ ಜೊತೆಗೆ ಒಂದು ಹಳೆಯ ಕೆಂಪು ಟೊಪ್ಪಿಗೆಯನ್ನೂ ಸೆರಗಿನ ತುದಿಗೆ ಕಟ್ಟಿಕೊಂಡೇ ಅಂಗಡಿಗೆ ಹೋಗುತ್ತಾರೆ. ಸೀಸೆಯ ಮೇಲೆ ನಲವತ್ತೆಂದಿದೆಯೇ ಎಂದು ಅಂಗಡಿಯವನ ಬಾಯಿಂದಲೇ ಓದಿಸುತ್ತಾರೆ. ಅವನು ಒಮ್ಮೊಮ್ಮೆ ಬೇಸರಪಟ್ಟುಕೊಳ್ಳುತ್ತಾನಂತೆ. ಪಟ್ಟುಕೊಳ್ಳಲಿ.